ಅನ್ನಕ್ಕೆ ಸಂಸ್ಕಾರವೋ, ವಿಕಾರವೋ?

ನಮ್ಮ ಮನೆಗಳಲ್ಲಿ ಮಗುವಿಗೆ ಆರನೆಯ ತಿಂಗಳಲ್ಲಿ ಅನ್ನಪ್ರಾಶನ ಮಾಡುವುದು ವಾಡಿಕೆ. ಹಿರಿಯರು ಪಂಚಾಂಗ ನೋಡಿ ಮುಹೂರ್ತ ಗೊತ್ತುಮಾಡುತ್ತಾರೆ. ಮಡಿಯಲ್ಲಿ ಪಾಯಸ ಸಿದ್ಧವಾಗುತ್ತದೆ. ಭಗವಂತನಿಗೆ ನಿವೇದನವಾದ ಬಳಿಕ ಮಗುವನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡು ಮಂತ್ರಪೂರ್ವಕವಾಗಿ ಮೊದಲ ತುತ್ತನ್ನು ತಿನ್ನಿಸುತ್ತಾರೆ. ಆರು ತಿಂಗಳವರೆಗೆ ತಾಯ ಹಾಲೇ ಸಾಕು, ಅನಂತರ ಮೆತ್ತನೆಯ ಆಹಾರವನ್ನು ತೊಡಗಿಸಬೇಕು ಎಂಬುದು ಇಂದಿನ ವೈದ್ಯರ ಮಾತೂ ಹೌದು. ಉಣ್ಣುವುದನ್ನೂ ಒಂದು ಸಂಸ್ಕಾರವೆಂದು ಎಣಿಸಿದ ಪರಂಪರೆ ನಮ್ಮದು. ಆದರೆ ಮೊದಲ ತುತ್ತಿಗೆ ಇಷ್ಟೊಂದು ವಿಚಾರ ಮಾಡುವ ನಾವು ಹತ್ತನೆಯ ತುತ್ತಿಗೆ, ಸಾವಿರದ ತುತ್ತಿಗೆ ಎಷ್ಟು ವಿಚಾರ ಮಾಡುತ್ತಿದ್ದೇವೆ?

ಪರರಿಗೆ ಹೇಳುವ ಮುನ್ನ ನಮ್ಮ ಮನೆಯ ಮಾತನ್ನೇ ಹೇಳಿಬಿಡುವುದು ಲೇಸು. ಹೋದ ಶ್ರೀರಾಮನವಮಿಯಂದು ಪೂಜೆ ಮುಗಿದು ಪಾನಕ, ಕೋಸಂಬರಿ, ನೀರುಮಜ್ಜಿಗೆಗಳ ವಿನಿಯೋಗ ನಡೆದಿತ್ತು. ಎಂಟು ವರ್ಷದ ನಮ್ಮ ಮೊಮ್ಮಗ ದೊನ್ನೆಯನ್ನು ಪಕ್ಕಕ್ಕೆ ಸರಿಸಿ, "ತಾತ, ಇದು ಬೇಡ. ನಿನ್ನೆ ತಂದಿದ್ದೆಯಲ್ಲ, ಆ ಪ್ಯಾಕೆಟ್ಟು ಕೊಡು" ಎಂದ. ಇದೆಲ್ಲ ತಾಯಿ ಕಲಿಸಿದ ಅಭ್ಯಾಸವೆಂದು ಸೊಸೆಯನ್ನು ದೂರಲು ಬಾಯಿ ತೆರೆದವರು ಹಾಗೆಯೇ ಮುಚ್ಚಿಕೊಂಡೆವು. ಆ ಪೊಟ್ಟಣವನ್ನು ತಂದವರು ನಾವೇ. ಪಾರಾಯಣದ ಹೊತ್ತಿಗೆ ಮಗು ಗಲಾಟೆ ಮಾಡದಿರಲೆಂದು ಹಿಂದಿನ ಸಂಜೆ ಅಂಗಡಿಯಿಂದ ತಂದಿಟ್ಟಿದ್ದೆವು. ಅದಕ್ಕೆ ಕೆಲವು ವಾರಗಳ ಹಿಂದೆ ಹಾಸನದ ದಂತವೈದ್ಯರೊಬ್ಬರು ಅದೇ ಮಗುವಿನ ನಾಲ್ಕು ಹುಳುಕುಹಲ್ಲುಗಳನ್ನು ತೋರಿಸಿ, "ಊಟದ ನಡುವೆ ಏನು ತಿನ್ನುತ್ತಾನೆ?" ಎಂದು ಕೇಳಿದ್ದರು. "ಮಕ್ಕಳಲ್ಲವೇ!" ಎಂದು ನಕ್ಕು ಬಂದಿದ್ದೆವು.

ಆ ಪೊಟ್ಟಣವನ್ನು ನಾವು ದೇವರ ಕೋಣೆಯ ಹೊಸ್ತಿಲೊಳಗೆ ಒಯ್ಯುವವರಲ್ಲ. ಆದರೆ ಮಗುವಿನ ಬಾಯೊಳಗೆ ಹಾಕಲು ಅಳುಕಲಿಲ್ಲ. ಪ್ರಾಣಿಗಳ ದೇಹದಲ್ಲಿ ವೈಶ್ವಾನರನಾಗಿ ನಿಂತು ಅನ್ನವನ್ನು ಪಚನ ಮಾಡುವವನು ತಾನೇ ಎಂದು ಭಗವಂತನು ಗೀತೆಯ ಹದಿನೈದನೆಯ ಅಧ್ಯಾಯದಲ್ಲಿ ಹೇಳಿದ್ದಾನೆ. ಮಗುವಿನ ಹೊಟ್ಟೆಯಲ್ಲಿರುವವನೂ ಅವನೇ. ಹೀಗಿರುವಲ್ಲಿ ದೇವರ ಕೋಣೆಗೆ ಒಂದು ಬಗೆಯ ಅನ್ನ, ಮಗುವಿನ ಹೊಟ್ಟೆಗೆ ಇನ್ನೊಂದು ಬಗೆಯ ಅನ್ನ ಎಂಬ ಭೇದವು ಎಲ್ಲಿಂದ ಬಂತು? ಪಂಚಭೇದವನ್ನು ಒಪ್ಪಿದ ನಮಗೆ ಈ ಆರನೆಯ ಭೇದವನ್ನು ಯಾವ ಶಾಸ್ತ್ರವೂ ಕಲಿಸಿಲ್ಲ. ಯಾವ ಪದಾರ್ಥ ನಿವೇದ್ಯ, ಯಾವುದು ಅಲ್ಲ ಎಂಬ ಚರ್ಚೆಗೆ ನಾವು ಇಲ್ಲಿ ಇಳಿಯುವುದಿಲ್ಲ. ಅದನ್ನು ಆಯಾ ಮನೆಯ ಹಿರಿಯರು ಬಲ್ಲರು. ನಮ್ಮ ಪ್ರಶ್ನೆ ಇಷ್ಟೇ: ದೇವರ ಅಡಿಗೆಗೆ ತೋರುವ ಎಚ್ಚರವು ಮಕ್ಕಳ ತಿಂಡಿಗೆ ಏಕೆ ಇಲ್ಲ?

ಅನ್ನಕ್ಕೂ ಮನಸ್ಸಿಗೂ ಇರುವ ನಂಟನ್ನು ತಿಳಿಸಲು ಛಾಂದೋಗ್ಯೋಪನಿಷತ್ತು ಒಬ್ಬ ವಿದ್ಯಾರ್ಥಿಯ ಕಥೆಯನ್ನೇ ಹೇಳುತ್ತದೆ. ತಂದೆಯಾದ ಉದ್ದಾಲಕನ ಮಾತಿನಂತೆ ಶ್ವೇತಕೇತುವು ಹದಿನೈದು ದಿನ ಬರಿಯ ನೀರು ಕುಡಿದು ಇದ್ದನು. ಕಲಿತ ವೇದಗಳಲ್ಲಿ ಒಂದೂ ಅವನಿಗೆ ನೆನಪಾಗಲಿಲ್ಲ. ಊಟ ಮಾಡಿದ ಮೇಲೆ ಎಲ್ಲವೂ ಮರಳಿ ಬಂದವು. ಉಂಡ ಅನ್ನದ ಸ್ಥೂಲಭಾಗವು ಮಲವಾಗಿಯೂ, ಮಧ್ಯಮಭಾಗವು ಮಾಂಸವಾಗಿಯೂ, ಸೂಕ್ಷ್ಮಭಾಗವು ಮನಸ್ಸಾಗಿಯೂ ಪರಿಣಮಿಸುತ್ತದೆ ಎಂಬುದು ಆ ತಂದೆಯ ಪಾಠ. ಪಾಠ ತಲೆಗೆ ಹತ್ತುವುದಿಲ್ಲವೆಂದು ಮಕ್ಕಳನ್ನು ಗದರುವ ನಾವು, ಆ ತಲೆಗೆ ಬೆಳಗಿನಿಂದ ಒದಗಿದ ಅನ್ನ ಯಾವುದೆಂದು ಮೊದಲು ನೋಡಬೇಡವೇ?

ಇನ್ನು ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ಆಹಾರದ ಮೂರು ವಿಧಗಳು ಹೇಳಲ್ಪಟ್ಟಿವೆ. ಸಾತ್ತ್ವಿಕ ಆಹಾರವೆಂದರೆ ಸಪ್ಪೆಯಾದುದೆಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. ರಸವತ್ತಾಗಿಯೂ, ಜಿಡ್ಡುಳ್ಳದ್ದಾಗಿಯೂ, ಮನಸ್ಸಿಗೆ ಹಿತವಾಗಿಯೂ ಇರುವುದೇ ಅದರ ಲಕ್ಷಣ. ಅತಿಯಾದ ಉಪ್ಪು, ಹುಳಿ, ಖಾರಗಳು ರಾಜಸ. ಹೊತ್ತು ಮೀರಿ ರಸವಳಿದು ಹಳಸಿದ್ದು ತಾಮಸ. ಇದನ್ನು ಕೇಳಿದ ಕೂಡಲೇ ಕೆಲವರು ಅಂಗಡಿಯಿಂದ ಬಂದುದೆಲ್ಲ ತಾಮಸವೆಂದು ತೀರ್ಪು ಕೊಟ್ಟುಬಿಡುತ್ತಾರೆ. ಹಾಗಾದರೆ ಅಟ್ಟದ ಮೇಲಿನ ಹಪ್ಪಳ, ಸಂಡಿಗೆ, ಭರಣಿಯ ಉಪ್ಪಿನಕಾಯಿಗಳ ಗತಿಯೇನು? ಅವೂ ತಿಂಗಳುಗಟ್ಟಲೆ ಇಟ್ಟವುಗಳೇ. ಆದುದರಿಂದ ಇಟ್ಟ ಕಾಲವೊಂದನ್ನೇ ನೋಡಿ ನಿರ್ಣಯಿಸುವಂತಿಲ್ಲ. ಪದಾರ್ಥಕ್ಕೆ ಏನು ಮಾಡಲಾಯಿತು, ಯಾರ ಹಿತಕ್ಕಾಗಿ ಮಾಡಲಾಯಿತು ಎಂಬುದನ್ನೂ ನೋಡಬೇಕು.

ಈಗ 'ಸಂಸ್ಕರಿಸಿದ ಆಹಾರ' ಎಂಬ ಮಾತು ಬಳಕೆಗೆ ಬಂದಿದೆ. ಸಂಸ್ಕಾರವೆಂಬ ಶಬ್ದಕ್ಕೆ ನಮ್ಮಲ್ಲಿ ದೊಡ್ಡ ಅರ್ಥವಿದೆ. ವಸ್ತುವಿನಲ್ಲಿರುವ ಒಳ್ಳೆಯದನ್ನು ಉಳಿಸಿ, ದೋಷವನ್ನು ಕಳೆದು, ಉಪಯೋಗಕ್ಕೆ ಯೋಗ್ಯವಾಗಿಸುವುದೇ ಸಂಸ್ಕಾರ. ಭತ್ತವನ್ನು ಕುಟ್ಟಿ ಅವಲಕ್ಕಿ ಮಾಡುವುದು, ಹಾಲಿಗೆ ಹೆಪ್ಪಿಡುವುದು, ಹೆಸರುಕಾಳನ್ನು ನೆನೆಸಿ ಮೊಳಕೆ ಬರಿಸುವುದು ಇವೆಲ್ಲ ಸಂಸ್ಕಾರಗಳು. ಕುಚೇಲನು ಹರಕು ಬಟ್ಟೆಯಲ್ಲಿ ಗಂಟು ಕಟ್ಟಿ ತಂದ ಅವಲಕ್ಕಿಯನ್ನು ಶ್ರೀಕೃಷ್ಣನು ಪ್ರೀತಿಯಿಂದ ಸ್ವೀಕರಿಸಿದನಲ್ಲವೇ? ಒಳ್ಳೆಯದನ್ನು ಕಳೆದು, ಇಲ್ಲದ ಬಣ್ಣ, ಪರಿಮಳ, ರುಚಿಗಳನ್ನು ಹೊರಗಿನಿಂದ ತುಂಬುವುದಾದರೋ ವಿಕಾರ.

ಹಾಸನ ಸೀಮೆಯ ಆಲೂಗಡ್ಡೆಯನ್ನೇ ನೋಡಿ. ಮುಂಗಾರಿನಲ್ಲಿ ನೆಟ್ಟು ಕಿತ್ತ ಗೆಡ್ಡೆಯನ್ನು ಬೇಯಿಸಿದರೆ ಅದರಲ್ಲಿ ಕೊಬ್ಬು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ತೆಳ್ಳಗೆ ಹೆಚ್ಚಿ ಕರಿದು ಉಪ್ಪು ಸವರಿ ಪೊಟ್ಟಣಕ್ಕೆ ತುಂಬಿದ ಚಿಪ್ಸಿನಲ್ಲಿ ನೂರು ಗ್ರಾಮಿಗೆ ಮೂವತ್ತು ಗ್ರಾಮಿಗೂ ಮಿಕ್ಕಿ ಕೊಬ್ಬು. ಹೊಲ ಒಂದೇ, ಗೆಡ್ಡೆ ಒಂದೇ. ಒಂದು ಪಲ್ಯವಾಯಿತು, ಇನ್ನೊಂದು ಚಟವಾಯಿತು.

ಚಟವೆಂಬ ಮಾತನ್ನು ಸುಮ್ಮನೆ ಬಳಸುತ್ತಿಲ್ಲ. ಬ್ರೆಜಿಲ್ ದೇಶದ ಸಾವೊ ಪಾಲೊ ವಿಶ್ವವಿದ್ಯಾಲಯದ ಕಾರ್ಲೋಸ್ ಮೊಂಟೆರೊ ಎಂಬ ವಿದ್ವಾಂಸರು ೨೦೦೯ರಲ್ಲಿ, ಆಹಾರವನ್ನು ಅದರ ಮೇಲೆ ನಡೆದ ಕ್ರಿಯೆಯ ಪ್ರಮಾಣದಿಂದ ವಿಂಗಡಿಸಬೇಕೆಂದು ಸೂಚಿಸಿದರು. ಈ ಕ್ರಮದಲ್ಲಿ, ಮನೆಯ ಅಡಿಗೆಯಲ್ಲಿ ಎಂದೂ ಬಳಸದ ವಸ್ತುಗಳಿಂದ ಕಾರ್ಖಾನೆಯಲ್ಲಿ ಕೂಡಿಸಿದ ತಿನಿಸುಗಳು ಕೊನೆಯ ವರ್ಗ. ಅಮೆರಿಕದಲ್ಲಿ ಇಪ್ಪತ್ತು ಮಂದಿ ವಯಸ್ಕರಿಗೆ ಎರಡು ವಾರ ಇಂತಹ ತಿನಿಸನ್ನೂ, ಎರಡು ವಾರ ಸರಳ ಆಹಾರವನ್ನೂ ಕೊಟ್ಟು ನೋಡಿದ ಪರೀಕ್ಷೆಯೊಂದು ೨೦೧೯ರಲ್ಲಿ ಪ್ರಕಟವಾಯಿತು. ಎರಡರಲ್ಲಿಯೂ ಮುಂದಿಟ್ಟ ಸಕ್ಕರೆ, ಉಪ್ಪು, ಕೊಬ್ಬು, ನಾರು ಸಮಾನವಾಗಿದ್ದವು. ಬೇಕೆನಿಸಿದಷ್ಟು ತಿನ್ನಬಹುದಾಗಿತ್ತು. ಕಾರ್ಖಾನೆಯ ತಿನಿಸಿನ ವಾರಗಳಲ್ಲಿ ಅವರು ದಿನಕ್ಕೆ ಸುಮಾರು ೫೦೦ ಕ್ಯಾಲೊರಿಯಷ್ಟು ಹೆಚ್ಚು ತಿಂದರು. ಅಂದರೆ ಆ ತಿನಿಸು ನಾಲಗೆಗೆ 'ಸಾಕು' ಎಂಬ ಮಾತನ್ನು ಮರೆಸುತ್ತದೆ. ನಮ್ಮ ಊಟವು ಪರಿಷೇಚನೆಯಿಂದ ಆರಂಭವಾಗಿ ಉತ್ತರಾಪೋಶನದಿಂದ ಮುಗಿಯುತ್ತದೆ. ಪೊಟ್ಟಣದ ತಿಂಡಿಗೆ ಆದಿಯೂ ಇಲ್ಲ, ಅಂತ್ಯವೂ ಇಲ್ಲ.

ನಮ್ಮ ಜಿಲ್ಲೆಯಲ್ಲಿ ಏನು ಕಡಿಮೆಯಾಗಿದೆ? ಹೊಳೆನರಸೀಪುರದಲ್ಲಿ ಹೇಮಾವತಿಯ ನೀರುಂಡ ಭತ್ತವಿದೆ. ಚನ್ನರಾಯಪಟ್ಟಣದ ಕಡೆ ತೆಂಗಿದೆ. ಅರಕಲಗೂಡಿನ ಕಡೆ ಎಷ್ಟೋ ಹೊಲಗಳಿಗೆ ಹೊಗೆಸೊಪ್ಪು ನುಗ್ಗಿದ್ದರೂ ರಾಗಿ ಇನ್ನೂ ಉಳಿದಿದೆ. ಪುಷ್ಯಮಾಸದಲ್ಲಿ ಸೊಗಡಿನ ಅವರೆ ಬರುತ್ತದೆ. ಇವುಗಳಲ್ಲಿ ರಾಗಿಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು ೩೫೦ ಮಿಲಿಗ್ರಾಂ ಸುಣ್ಣದ ಅಂಶವಿದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಅದು ಹತ್ತರ ಆಸುಪಾಸು. ಕಾಳು ಅತಿ ಸಣ್ಣದಾದುದರಿಂದ ರಾಗಿಯನ್ನು ಸಾಮಾನ್ಯವಾಗಿ ತೌಡು ಸಹಿತವೇ ಬೀಸುತ್ತಾರೆ. ಹಿಂದಿನವರು ಅದನ್ನು ಹಗೇವಿನಲ್ಲಿ ತುಂಬಿ ವರ್ಷಗಟ್ಟಲೆ ಇಡುತ್ತಿದ್ದರು. ಹಾಸನಾಂಬೆಯ ಗುಡಿಯಲ್ಲಿ ಬಾಗಿಲು ಮುಚ್ಚುವಾಗ ಇಟ್ಟ ನೈವೇದ್ಯವು ಮರುವರ್ಷ ಬಾಗಿಲು ತೆರೆಯುವವರೆಗೂ ಕೆಡದೆಂದು ಜನ ನಂಬುತ್ತಾರೆ. ಅದು ದೇವಿಯ ಮಹಿಮೆಗೆ ಸೇರಿದ ಮಾತು. ಹಗೇವಿನ ರಾಗಿ ಕೆಡದಿರುವುದು ಅದರ ಸ್ವಭಾವ. ಬಣ್ಣದ ಪೊಟ್ಟಣ ಕೆಡದಿರುವುದು ಮಹಿಮೆಯೂ ಅಲ್ಲ, ಸ್ವಭಾವವೂ ಅಲ್ಲ.

ವ್ಯಾಸರಾಜರ ಶಿಷ್ಯರಾದ ಶ್ರೀ ಕನಕದಾಸರು 'ರಾಮಧಾನ್ಯ ಚರಿತೆ'ಯಲ್ಲಿ ವ್ರೀಹಿಗೂ ನರೆದಲಗಕ್ಕೂ, ಅಂದರೆ ಅಕ್ಕಿಗೂ ರಾಗಿಗೂ, ಜಗಳ ಹೂಡಿದ್ದಾರೆ. ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ಮುಗಿದಾಗ ವ್ರೀಹಿ ಕಂದಿರುತ್ತದೆ, ನರೆದಲಗ ಕೆಡದೆ ನಿಂತಿರುತ್ತದೆ. ರಾಮನು ಅದಕ್ಕೆ ರಾಘವನೆಂಬ ತನ್ನ ಹೆಸರನ್ನೇ ಕೊಟ್ಟು ಮನ್ನಿಸುತ್ತಾನೆ. ಈ ಕಥೆಯನ್ನು ಕೇಳಿ ತಲೆದೂಗುವ ನಾವು, ಅತಿಥಿಗಳು ಬಂದಾಗ ರಾಗಿಯ ಡಬ್ಬವನ್ನು ಹಿಂದಕ್ಕೆ ಸರಿಸಿದ್ದೆವೆಂಬುದನ್ನು ಒಪ್ಪಿಕೊಳ್ಳಬೇಕು. ಬಿಳಿಯದೇ ಶ್ರೇಷ್ಠವೆಂಬ ವ್ರೀಹಿಯ ಗರ್ವ ನಮ್ಮದೂ ಆಗಿತ್ತು. ಮಂಡ್ಯದ ವಿ.ಸಿ. ಫಾರಂನಲ್ಲಿ ಸಿ.ಎಚ್. ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ತಳಿಗಳನ್ನು ಕೂಡಿಸಿ 'ಇಂಡಾಫ್' ರಾಗಿಯನ್ನು ರೂಪಿಸಿ ರೈತರ ಕಣಜ ತುಂಬಿಸಿದರು. ವಿಶ್ವಸಂಸ್ಥೆಯು ೨೦೨೩ನ್ನು ಸಿರಿಧಾನ್ಯಗಳ ವರ್ಷವಾಗಿ ಆಚರಿಸಿತು. ೨೦೨೪ರ ಫೆಬ್ರವರಿಯಲ್ಲಿ ರಾಜ್ಯದ ಶಾಲೆಗಳಲ್ಲಿ ಹಾಲಿನೊಡನೆ ರಾಗಿ ಮಾಲ್ಟ್ ಕೊಡುವ ಯೋಜನೆ ಆರಂಭವಾಯಿತು. ಲೋಕವೆಲ್ಲ ಸುತ್ತಿಬಂದ ಮೇಲೆ ಹಿತ್ತಲ ಗಿಡ ಮದ್ದೆಂದು ನಮಗೂ ತೋರಿತು.

ಇಲ್ಲಿ ಒಂದು ಆಕ್ಷೇಪವುಂಟು. "ಇದನ್ನೆಲ್ಲ ಮಾಡಲು ಯಾರಿಗೆ ಪುರಸೊತ್ತಿದೆ?" ಎಂದು ನಮ್ಮ ಹೆಣ್ಣುಮಕ್ಕಳು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದೇ. ಹಿಂದಿನ ಅಡಿಗೆಮನೆಯ ಶುಚಿರುಚಿಗಳು ನಮ್ಮ ಅಜ್ಜಿಯರ, ತಾಯಂದಿರ ಬೆನ್ನುನೋವಿನ ಮೇಲೆ ನಿಂತಿದ್ದವು. ಬೆಳಗಿನ ಜಾವಕ್ಕೆದ್ದು ಎಲ್ಲರಿಗೂ ಬಡಿಸಿ, ಉಳಿದುದನ್ನು ಎಲ್ಲರ ಕೊನೆಯಲ್ಲಿ ತಾವು ಉಣ್ಣುತ್ತಿದ್ದರು. ಆ ಭಾರವನ್ನು ಮತ್ತೆ ಸ್ತ್ರೀಯರ ತಲೆಗೇ ಕಟ್ಟಿ, ನಾವು ಜಗಲಿಯಲ್ಲಿ ಕುಳಿತು ಸಾತ್ತ್ವಿಕ ಆಹಾರದ ಉಪನ್ಯಾಸ ಮಾಡುವುದು ಅಧರ್ಮವೇ ಸರಿ. ದೊಡ್ಡ ಸಮಾರಾಧನೆಗಳಲ್ಲಿ ಸೌಟು ಹಿಡಿಯುವ ಗಂಡಸರು ಮನೆಯಲ್ಲಿ ಕಾಳು ನೆನೆಹಾಕಿದರೆ, ಸೌತೆಕಾಯಿ ಹೆಚ್ಚಿದರೆ ಗೌರವಕ್ಕೆ ಕುಂದೇನೂ ಇಲ್ಲ.

ಹಳೆಯದೆಲ್ಲ ಒಳ್ಳೆಯದೆಂಬ ಭ್ರಮೆಯೂ ಬೇಡ. ಬೆಲ್ಲವೂ ಒಂದು ಬಗೆಯ ಸಕ್ಕರೆಯೇ. ಹಲ್ಲಿಗೆ ಅದರಿಂದಲೂ ಕೇಡುಂಟು. ದಿನದ ಆಹಾರದ ಶಕ್ತಿಯಲ್ಲಿ ಸೇರಿಸಿದ ಸಕ್ಕರೆಯ ಪಾಲು ಹತ್ತರಲ್ಲೊಂದಕ್ಕಿಂತ ಕಡಿಮೆಯಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೧೫ರಲ್ಲಿ ಹೇಳಿದೆ. ಎರಡು ವರ್ಷದೊಳಗಿನ ಕೂಸಿಗೆ ಅದು ಬೇಡವೇ ಬೇಡವೆಂಬುದು ವೈದ್ಯರ ಮತ. ಕೃಷ್ಣಾಷ್ಟಮಿಯ ಚಕ್ಕುಲಿ, ಉಂಡೆಗಳು ಅಷ್ಟಮಿಗೆ ಭೂಷಣ. ವರ್ಷವಿಡೀ ಅಷ್ಟಮಿಯಾದರೆ ಅವೂ ರೋಗಕ್ಕೆ ದಾರಿ. ಏಕಾದಶಿಯ ಉಪವಾಸ, ಚಾತುರ್ಮಾಸ್ಯದಲ್ಲಿ ತಿಂಗಳಿಗೊಂದು ಬಗೆಯ ಪದಾರ್ಥವನ್ನು ಬಿಡುವ ವ್ರತ ಇವು ನಾಲಗೆಗೆ ಕಲಿಸುವ ಪಾಠವೂ ಅದೇ. ಪ್ರತಿಯೊಂದಕ್ಕೂ ಕಾಲವಿದೆ, ಮಿತಿಯಿದೆ. ವ್ರತದ ಕಟ್ಟುನಿಟ್ಟನ್ನು ಬೆಳೆಯುವ ಮಕ್ಕಳ ಮೇಲೆ ಹೇರಬೇಕಾಗಿಲ್ಲ. ಹಿರಿಯರು ಆಚರಿಸುವುದನ್ನು ಅವರು ನೋಡಿದರೆ ಸಾಕು.

ಅಂಗಡಿಯ ಪದಾರ್ಥ ಕೊಳ್ಳಲೇಬೇಕಾದಾಗ ಚಿತ್ರವನ್ನು ಬಿಟ್ಟು ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಬೇಕು. ಹೆಚ್ಚು ತೂಕದ ವಸ್ತು ಮೊದಲು, ಕಡಿಮೆಯದು ಆಮೇಲೆ ಬರೆಯಬೇಕೆಂಬುದು ಕಾನೂನು. ಮೊದಲೆರಡು ಹೆಸರು ಮೈದಾ, ಸಕ್ಕರೆಗಳಾಗಿದ್ದರೆ ಮೇಲೆ ರಾಗಿಯ ತೆನೆಯ ಚಿತ್ರವಿದ್ದೂ ಪ್ರಯೋಜನವಿಲ್ಲ. ಮಕ್ಕಳಿಗಾಗಿ ಹಾಲಿಗೆ ಬೆರೆಸುವ ಸಿಹಿಪುಡಿಗಳನ್ನೂ ಇತರ ಪಾನೀಯಗಳನ್ನೂ 'ಆರೋಗ್ಯ ಪಾನೀಯ'ವೆಂಬ ವಿಭಾಗದಿಂದ ತೆಗೆಯುವಂತೆ ಕೇಂದ್ರ ಸರ್ಕಾರವು ೨೦೨೪ರ ಏಪ್ರಿಲ್‌ನಲ್ಲಿ ಆನ್‌ಲೈನ್ ಮಾರಾಟಗಾರರಿಗೆ ಸೂಚಿಸಿತು. ಅದೇ ವರ್ಷ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರವು ಬಾಂಬೆ ಮಿಠಾಯಿಗೆ ರೋಡಮಿನ್-ಬಿ ಎಂಬ ಬಣ್ಣ ಹಾಕುವುದನ್ನು ನಿಷೇಧಿಸಿತು. ರಾಮನಾಥಪುರದ ಷಷ್ಠಿಯ ಜಾತ್ರೆಯಂತಹ ಕಡೆ ಮಕ್ಕಳ ಕೈಹಿಡಿದು ನಡೆಯುವವರು ಇದನ್ನು ನೆನಪಿಡಬೇಕು. ಅಲ್ಲಿಯೇ ಕಡಲೆಪುರಿಯೂ ಹುರಿಗಡಲೆಯೂ ಸಿಗುತ್ತವೆ.

ಇನ್ನೊಂದು ಎಚ್ಚರ ಬೇಕು. ನೆರೆಮನೆಯ ಮಗುವಿನ ಡಬ್ಬಿಯಲ್ಲಿ ಇಣುಕಿ ಹಳಿಯುವ ಅಭ್ಯಾಸಕ್ಕೆ ಈ ವಿಚಾರವು ನೆಪವಾಗಬಾರದು. ಶುದ್ಧಿಯ ಹೆಸರಿನಲ್ಲಿ ಬೆಳೆಯುವ ಅಹಂಕಾರವು ಯಾವ ತಿಂಡಿಗಿಂತಲೂ ಕೆಟ್ಟದ್ದು. ತಿದ್ದಬೇಕಾದುದು ಮೊದಲು ನಮ್ಮ ಕೈಚೀಲವನ್ನು.

ನವಮಿಯ ಮರುವಾರ ನಾವೇ ಅಡಿಗೆಮನೆಗೆ ಹೋದೆವು. ರಾಗಿಗೆ ನೀರು ಚಿಮುಕಿಸಿ ಹದಗೊಳಿಸಿ, ಕಾದ ಬಾಣಲೆಗೆ ಹಿಡಿಹಿಡಿಯಾಗಿ ಹಾಕಿದೆವು. ಅದು ಚಟಪಟನೆ ಅರಳುವುದನ್ನು ಕಂಡು ಮೊಮ್ಮಗ ಆಟವನ್ನು ಬಿಟ್ಟು ಓಡಿಬಂದ. "ತಾತ, ನಾನೂ ಕೈಯಾಡಿಸುತ್ತೇನೆ" ಎಂದು ಸೌಟು ಕಸಿದುಕೊಂಡ. ಬೀಸಿದ ಹುರಿಹಿಟ್ಟಿಗೆ ಮಜ್ಜಿಗೆ ಕಲಸಿ ಕೊಟ್ಟಾಗ, ತಾನೇ ಮಾಡಿದ್ದೆಂಬ ಅಭಿಮಾನದಿಂದ ಒಂದು ಬಟ್ಟಲು ಮುಗಿಸಿದ. ಅವನು ಪೊಟ್ಟಣದ ಆಸೆಯನ್ನು ಬಿಟ್ಟನೆಂದು ಹೇಳಿದರೆ ಸುಳ್ಳಾದೀತು, ಈಗಲೂ ಕೇಳುತ್ತಾನೆ. ಆದರೆ ಗಲಾಟೆ ಮಾಡದಿರಲೆಂದು ಅದನ್ನು ತಂದುಕೊಡುವ ನಮ್ಮ ಚಟ ಬಿಟ್ಟಿದೆ. ಮಗುವನ್ನು ಸುಮ್ಮನಿರಿಸಲು ಕೊಡುವುದು ಬೇರೆ, ಉಣಿಸುವುದು ಬೇರೆ. ಅನ್ನಪ್ರಾಶನದ ದಿನ ತೊಡೆಯ ಮೇಲೆ ಕುಳ್ಳಿರಿಸಿಕೊಂಡು ನಾವು ಕೈಗೊಂಡ ಹೊಣೆ ಉಣಿಸುವುದು. ಆ ಹೊಣೆಯನ್ನು ನೆರವೇರಿಸುವ ಬುದ್ಧಿಯನ್ನು ಶ್ರೀಹರಿವಾಯುಗುರುಗಳು ನಮ್ಮೆಲ್ಲರಿಗೂ ಅನುಗ್ರಹಿಸಲಿ.

ಶ್ರೀಕೃಷ್ಣಾರ್ಪಣಮಸ್ತು