ಆಯ್ಕೆಗಳಿಲ್ಲದ ಪ್ರಶ್ನೆ

2012ರ ಬೇಸಿಗೆ ರಜೆಯಲ್ಲಿ ಪಾಣಾಜೆಯ ನಮ್ಮ ಮನೆಯ ಜಗಲಿಯಲ್ಲಿ, ಮಧ್ಯಾಹ್ನದ ಊಟವಾದ ಮೇಲೆ ಒಂದು ಕ್ವಿಜ್ ನಡೆಯುತ್ತಿತ್ತು. ಒಂಬತ್ತು ದಿನ ನಡೆದು ನಿಂತುಹೋಯಿತು. ಆ ಮಾರ್ಚಿನಲ್ಲಿ ಸುವರ್ಣ ವಾಹಿನಿಯಲ್ಲಿ ಪುನೀತ್ ರಾಜ್‌ಕುಮಾರ್ ‘ಕನ್ನಡದ ಕೋಟ್ಯಧಿಪತಿ’ ಶುರುಮಾಡಿದ್ದರು. ಹತ್ತು ವರ್ಷದ ನನ್ನ ಮಗ ಅಪ್ಪನ ಅಂಗಿ ತೊಟ್ಟು, ನೋಟ್‌ಬುಕ್ಕಿನಲ್ಲಿ ಪ್ರಶ್ನೆ ಬರೆದುಕೊಂಡು ಕೂರುತ್ತಿದ್ದ. ಕೆಳಗಿನ ಮನೆಯಿಂದ ಭಾವನ ಮಗಳು ಬರುತ್ತಿದ್ದಳು. ಬಹುಮಾನ ಒಂದು ಕ್ಯಾಂಪ್ಕೊ ಬಾರ್. ನಮ್ಮ ಪುತ್ತೂರಿನ ಕಾರ್ಖಾನೆಯದ್ದೇ ಚಾಕಲೇಟು.

ಅತ್ತೆ ಕಂಬಕ್ಕೆ ಒರಗಿ ಚಾಲಿ ಅಡಿಕೆ ಹೆಕ್ಕುತ್ತಿದ್ದರು. ಒಳ್ಳೆಯದು ಒಂದು ಕಡೆ, ಪಟೋರ, ಉಳ್ಳಿ, ಕರಿಗೋಟು ಬೇರೆ ಬೇರೆ. ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತಿತ್ತು. ಓದಿದ್ದು ನಾಲ್ಕನೇ ಕ್ಲಾಸು. ಆದರೆ ರಾತ್ರಿಯಿಡೀ ತಾಳಮದ್ದಲೆ ಕೇಳಿದ ಕಿವಿ ಅವರದು.

ಒಂಬತ್ತನೆಯ ದಿನ ಮಗ ಕೇಳಿದ: ನಕುಲನ ತಾಯಿ ಯಾರು? ನಾಲ್ಕು ಆಯ್ಕೆ ಕೊಟ್ಟ. ಹುಡುಗಿ ಮಾದ್ರಿ ಅಂದಳು. ಅತ್ತೆ ತಲೆಯೆತ್ತದೆಯೇ, “ಸರಿ. ಆದರೆ ಧರ್ಮರಾಯ ಅವನನ್ನೇ ಯಾಕೆ ಕೇಳಿದ್ದು?” ಅಂದರು.

“ಆಯ್ಕೆ ಕೊಡಿ ಅಜ್ಜಿ.”

“ಅದಕ್ಕೆ ಆಯ್ಕೆ ಇಲ್ಲ ಮಗಾ.”

ಆಮೇಲೆ ಕತೆ ಹೇಳಿದರು. ಬ್ರಾಹ್ಮಣನ ಅರಣಿಯನ್ನು ಕೊಂಬಿಗೆ ಸಿಕ್ಕಿಸಿಕೊಂಡು ಓಡಿದ ಜಿಂಕೆ, ಅದರ ಹಿಂದೆ ಅಲೆದು ಬಾಯಾರಿದ ಐವರು, ಕೊಳದ ಯಕ್ಷನ ಪ್ರಶ್ನೆಗೆ ಉತ್ತರಿಸದೆ ನೀರಿಗೆ ಕೈಹಾಕಿ ಒಬ್ಬರ ಹಿಂದೊಬ್ಬರು ಬಿದ್ದ ನಾಲ್ವರು. ಧರ್ಮರಾಯ ಎಲ್ಲದಕ್ಕೂ ಉತ್ತರ ಕೊಟ್ಟ. ಒಬ್ಬನನ್ನು ಬದುಕಿಸುತ್ತೇನೆ, ಯಾರು ಬೇಕು ಎಂದು ಯಕ್ಷ ಕೇಳಿದ. ಕುಂತಿಗೆ ನಾನಿದ್ದೇನೆ, ಮಾದ್ರಿಗೂ ಒಬ್ಬ ಉಳಿಯಲಿ ಎಂದು ನಕುಲನನ್ನು ಕೇಳಿದ.

“ತಪ್ಪು ಉತ್ತರ,” ಅಂದ ಮಗ. “ಮುಂದೆ ಯುದ್ಧ ಉಂಟಲ್ಲ? ಅರ್ಜುನನೇ ಬೇಕಿತ್ತು.”

ಹುಡುಗನ ಮಾತನ್ನು ನಾನು ಹಗುರ ಮಾಡುವುದಿಲ್ಲ. ಭೀಮಾರ್ಜುನರನ್ನು ಬಿಟ್ಟು ಇವನೇಕೆ ಎಂದು ಯಕ್ಷನೂ ಕೇಳುತ್ತಾನೆ. ತಿಳಿವಳಿಕೆಯನ್ನೂ ನಾನು ಕೀಳು ಮಾಡುವವಳಲ್ಲ. ಚಂದನದ ‘ಥಟ್ ಅಂತ ಹೇಳಿ’ಯಲ್ಲಿ ನಾ. ಸೋಮೇಶ್ವರ ಅವರು 2002ರಿಂದ ಸರಿಯುತ್ತರಕ್ಕೆ ಪುಸ್ತಕ ಕೊಡುತ್ತ ಬಂದರಲ್ಲ, ಅದನ್ನು ಕಂಡರೆ ನನಗೆ ಕೈಮುಗಿಯಬೇಕು ಅನ್ನಿಸುತ್ತದೆ. ಧರ್ಮರಾಯನಿಗೂ ಓದಿ ಕೇಳಿ ಕಲಿತದ್ದು ಇಲ್ಲದಿದ್ದರೆ ಕೊನೆಯ ಮಾತಿನವರೆಗೆ ಬರಲಾಗುತ್ತಿರಲಿಲ್ಲ. ಆದರೆ ಅಲ್ಲಿಯವರೆಗಿನ ಉತ್ತರಗಳಿಂದ ಅವನಿಗೆ ಏನೂ ಕಳೆದುಹೋಗಲಿಲ್ಲ. ಕೊನೆಯ ಉತ್ತರದಲ್ಲಿ ಅರ್ಜುನನನ್ನೇ ಬಿಟ್ಟುಕೊಡಬೇಕಿತ್ತು.

“ಮತ್ತೆ ಎಲ್ಲರೂ ಎದ್ದರಲ್ಲ ಅಜ್ಜಿ?” ಭಾವನ ಮಗಳಿಗೆ ಕತೆಯ ಕೊನೆ ಗೊತ್ತಿತ್ತು.

“ಎದ್ದರು. ಕೇಳುವಾಗ ಅವನಿಗೆ ಅದು ಗೊತ್ತಿತ್ತಾ?” ಒಂದು ಕರಿಗೋಟನ್ನು ಬುಟ್ಟಿಗೆ ಹಾಕಿ, “ಅವನಿಗೆ ಆಗಲೂ ಬಾಯಾರಿಕೆ ಇತ್ತು, ನೆನಪಿರಲಿ,” ಅಂದರು.

ಪುತ್ತೂರಿನ ಮಕ್ಕಳಿಗೆ ಕೆರೆಯ ಕತೆ ಹೊಸತಲ್ಲ. ಮಹಾಲಿಂಗೇಶ್ವರ ದೇವಸ್ಥಾನದ ಕೆರೆ ಎಷ್ಟು ಅಗೆದರೂ ನೀರು ಬರಲಿಲ್ಲವಂತೆ. ಕೊನೆಗೆ ಕೆರೆಯೊಳಗೇ ಎಲೆ ಹಾಕಿ ಸಂತರ್ಪಣೆ ಮಾಡಿದರು. ಉಣ್ಣುತ್ತಿದ್ದ ಹಾಗೆ ನೀರು ಉಕ್ಕಿತು, ಜನ ಎದ್ದು ಓಡಿದರು, ಎಲೆಯಲ್ಲಿ ಉಳಿದ ಅಗುಳು ಮುತ್ತಾಯಿತು; ಮುತ್ತೂರು ಪುತ್ತೂರಾಯಿತು. ಏಪ್ರಿಲಿನ ಜಾತ್ರೆಗೆ ಹೋದಾಗಲೆಲ್ಲ ಅತ್ತೆ ಆ ಕೆರೆಯ ಮೆಟ್ಟಿಲಲ್ಲಿ ಸ್ವಲ್ಪ ಹೊತ್ತು ಕೂರುತ್ತಿದ್ದರು. ಬಡಿಸಿದವರಿಗೂ ನೀರು ಬರುತ್ತದೆ ಎಂಬ ಖಾತ್ರಿ ಇರಲಿಲ್ಲ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ಅತ್ತೆ ಎರಡನೆಯ ಸಂಬಂಧಕ್ಕೆ ಬಂದವರು. ಮೊದಲಿನವರು ಒಂದು ವರ್ಷದ ಮಗುವನ್ನು ಬಿಟ್ಟು ತೀರಿಕೊಂಡಿದ್ದರು. ಆ ಮಗುವೇ ನಮ್ಮ ಭಾವ. 1994ರಲ್ಲಿ ಮನೆ ಪಾಲಾಗುವಾಗ ಕೆರೆಯ ಬದಿಯ ತೋಟ ಯಾರಿಗೆ ಎಂಬಲ್ಲಿ ಮಾತು ನಿಂತಿತು. ಮಾವ ಅತ್ತೆಯ ಮುಖ ನೋಡಿದರು. “ದೊಡ್ಡವನಿಗೆ ಇರಲಿ, ಅವನಿಗೆ ಕೇಳಲು ತಾಯಿ ಇಲ್ಲ,” ಅಂದರಂತೆ ಅತ್ತೆ. ಅವರು ಹೆತ್ತ ಮಗನಿಗೆ, ಎಂದರೆ ನಮ್ಮ ಇವರಿಗೆ, ಮೇಲಿನ ಗುಡ್ಡದ ತೋಟ ಬಂತು.

ನಮ್ಮಲ್ಲಿ ನಾಲ್ವರೂ ಏಳಲಿಲ್ಲ. ಮೂರು ಬೋರು ತೆಗೆಸಿದೆವು, ಎರಡು ಬತ್ತಿದವು. ಅತ್ತೆ ಹೋದ ಮರುವರ್ಷ ಏಪ್ರಿಲಿನಲ್ಲಿ ಹಿಂಗಾರ ಒಣಗಿ ಮರದಲ್ಲೇ ಕಪ್ಪಾದಾಗ ನನಗೆ ಅವರ ಮೇಲೆ ಸಿಟ್ಟು ಬಂದಿತ್ತು, ನಿಜವನ್ನೇ ಹೇಳುತ್ತಿದ್ದೇನೆ. ಗುಡ್ಡದ ಅಂಚಿನಲ್ಲಿ ನಿಂತರೆ ಕೆಳಗೆ ಭಾವನ ಕೆರೆ, ಸುತ್ತ ತಣ್ಣಗಿನ ಹಸಿರು. ಆ ತಬ್ಬಲಿ ಮಗು ಅಲ್ಲಿ ಹಾಳೆಟೊಪ್ಪಿ ಹಾಕಿಕೊಂಡು, ಎಪ್ಪತ್ತರ ಮುದುಕನಾಗಿ, ತೋಡಿಗೆ ನೀರು ತಿರುಗಿಸುತ್ತಿತ್ತು. ಎಷ್ಟೋ ಹೊತ್ತು ನೋಡುತ್ತ ನಿಂತಿದ್ದೆ.

ಮಗ ಈಗ ಬೆಂಗಳೂರಿನಲ್ಲಿದ್ದಾನೆ. ಪ್ರತಿ ಬೇಸಿಗೆಯಲ್ಲಿ ಫೋನ್ ಮಾಡಿ, “ಅಮ್ಮ, ಬೋರಿನಲ್ಲಿ ನೀರು ಉಂಟಾ?” ಎಂದು ಕೇಳುತ್ತಾನೆ. ಉತ್ತರ ತಪ್ಪಾಯಿತು ಎಂದು ಮತ್ತೆ ಯಾವತ್ತೂ ಹೇಳಿಲ್ಲ.