ನಾಲಗೆಯ ಅಂಜಿಕೆ

ಹೊಸಪೇಟೆ, ಕಂಪ್ಲಿ, ಸಂಡೂರುಗಳ ಪಾಠಶಾಲೆಗಳಲ್ಲಿ ಇಂಗ್ಲಿಷನ್ನು ಓದಿ ಅರ್ಥಮಾಡಿಕೊಳ್ಳಬಲ್ಲ, ಬಹುಮಟ್ಟಿಗೆ ತಪ್ಪಿಲ್ಲದೆ ಬರೆಯಲೂ ಬಲ್ಲ ವಿದ್ಯಾರ್ಥಿಯು, ಅದೇ ಭಾಷೆಯಲ್ಲಿ ಎರಡು ವಾಕ್ಯಗಳನ್ನಾಡೆಂದೊಡನೆ ತಲೆತಗ್ಗಿಸಿ ನಿಲ್ಲುವುದುಂಟು. ಬಲ್ಲ ಪದಗಳೇ ಆಗ ಅವನಿಗೆ ದೊರೆಯವು. ಲೋಕವು ಇದನ್ನು ಬುದ್ಧಿಯ ಕೊರತೆಯೆಂದು ಎಣಿಸುವುದು. ಬುದ್ಧಿಯೇ ಕೊರತೆಯಾಗಿದ್ದರೆ ಲೇಖನಿಯೂ ತಡೆಯಬೇಕಾಗಿತ್ತಲ್ಲವೆ?

ಅದೇ ಸೀಮೆಯ ಹಂಪಿಯನ್ನು ನೋಡಬಹುದು. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಆ ಕ್ಷೇತ್ರಕ್ಕೆ ಪರದೇಶದವರು ಬರುತ್ತಲೇ ಇರುವರು. ಅವರಿಗೆ ದಾರಿ ತೋರುವವರು, ಎಳನೀರು ಮಾರುವವರು, ಆಟೋ ನಡೆಸುವವರು ವ್ಯಾಕರಣದ ಹಂಗಿಲ್ಲದೆ ಇಂಗ್ಲಿಷನ್ನಾಡುವರು. ಕ್ರಿಯಾಪದದ ಕಾಲ ತಪ್ಪಿದರೂ ವ್ಯವಹಾರ ತಪ್ಪದು. ಏಕೆಂದರೆ ಕೇಳುವವನಿಗೆ ಬೇಕಾದುದು ಅರ್ಥ. ತರಗತಿಯಲ್ಲಾದರೋ ಅರ್ಥವು ಎಲ್ಲರಿಗೂ ಮೊದಲೇ ತಿಳಿದಿದೆ. ಕೇಳುವವರು ದೋಷವನ್ನೇ ಕಾದಿರುವರು.

ಇದೇ 1986ರಲ್ಲಿ ಅಮೆರಿಕೆಯ ಹಾರ್ವಿಟ್ಸ್ ಮೊದಲಾದ ವಿದ್ವಾಂಸರು ಈ ಭಯವನ್ನಳೆಯಲು 33 ವಾಕ್ಯಗಳ ಪ್ರಶ್ನಾವಳಿಯೊಂದನ್ನು ರಚಿಸಿದರು. ಅವರು ಹೇಳಿದ ಅಂಶಗಳು ಮೂರು: ಮಾತನಾಡುವ ಅಳುಕು, ಪರೀಕ್ಷೆಯ ಭಯ, ಪರರು ಹೀನವಾಗಿ ಎಣಿಸಿಯಾರೆಂಬ ಭಯ. ಮೂರರಲ್ಲಿಯೂ ವಿದ್ಯಾರ್ಥಿಯ ಎದುರಿಗೆ ಮನುಷ್ಯರು ನಿಂತಿರುವುದನ್ನು ಗಮನಿಸಬೇಕು.

ಈ ಅಂಜಿಕೆಯು ಇಂಗ್ಲಿಷಿಗೆ ಮಾತ್ರ ಮೀಸಲಾದುದೂ ಅಲ್ಲ. ಸಂಡೂರಿನ ತಾಂಡಾಗಳಲ್ಲಿ ಲಂಬಾಣಿ ಮಾತಾಡಿ ಬೆಳೆದ ಮಗುವಿಗೆ ಶಾಲೆಯ ಕನ್ನಡವೇ ಪರಭಾಷೆ. ಅದರ ಉಚ್ಚಾರಣೆಗೆ ನಕ್ಕವರಿದ್ದಲ್ಲಿ ಆ ಮಗುವೂ ಮೌನವನ್ನೇ ಕಲಿಯುವುದು. ಆದರೂ ಇಂಗ್ಲಿಷಿನ ವಿಷಯದಲ್ಲಿ ನಗೆಯು ಹೆಚ್ಚು ಕ್ರೂರ. 1835ರಿಂದ ಆ ಭಾಷೆಗೆ ಸರ್ಕಾರದ ಆಶ್ರಯ ದೊರೆಯಿತು. ಅಧಿಕಾರವೂ ಉದ್ಯೋಗವೂ ಅದರ ಬೆನ್ನ ಹಿಂದೆ ಬಂದುವು. ಹೊಸಪೇಟೆಯ ಬೀದಿಯಲ್ಲಿ ತೆಲುಗನ್ನೋ ಉರ್ದುವನ್ನೋ ತಪ್ಪಾಗಿ ಆಡಿದವನನ್ನು ಯಾರೂ ಕೀಳೆಂದು ಬಗೆಯರು. ಇಂಗ್ಲಿಷಿನಲ್ಲಿ ತಪ್ಪಿದವನ ಮನೆತನವನ್ನೇ ತೂಗಿ ನೋಡುವರು. ಹಳ್ಳಿಯಿಂದ ಬಂದ ಹುಡುಗ ಹುಡುಗಿಯರು ಹೆದರುವುದು ಈ ತಕ್ಕಡಿಗೆ.

ದೋಷವನ್ನು ತಿದ್ದದಿದ್ದರೆ ಭಾಷೆ ಕೆಡದೆ, ಎಂದು ಕೆಲವರು ಕೇಳಬಹುದು. ತಿದ್ದಲೇಬೇಕು, ಅದು ಉಪಾಧ್ಯಾಯರ ಧರ್ಮ. ಆದರೆ ತಿದ್ದುವವನು ಶಿಷ್ಯನು ಮಾತು ಮುಗಿಸುವವರೆಗೆ ಕಾಯುವನು, ನಗುವವನು ಕಾಯನು. ತಿದ್ದಿಸಿಕೊಂಡವನು ಮತ್ತೊಮ್ಮೆ ಬಾಯಿ ತೆರೆಯುವನು. ನಗೆಗೆ ಗುರಿಯಾದವನು ತಾನು ತಪ್ಪದಿರಲು ಒಂದೇ ಉಪಾಯವನ್ನು ಕಾಣುವನು: ಮಾತನ್ನೇ ಬಿಡುವುದು. ಹೀಗೆ ತಪ್ಪನ್ನು ನಿವಾರಿಸಹೋಗಿ ಕಲಿಕೆಯೇ ನಿವಾರಣೆಯಾಗುವುದು.

ನಾಚಿಕೆಯು ಸದ್ಗುಣವೆಂದು ಹಿರಿಯರು ಹೇಳಿರುವುದು ನಿಜ. ಅದು ಸುಳ್ಳಿಗೆ, ವಂಚನೆಗೆ, ಸೋಮಾರಿತನಕ್ಕೆ ಸಲ್ಲತಕ್ಕದ್ದು. ಕಲಿಯುವ ನಾಲಗೆಯ ತೊದಲಿಗೆ ಅದನ್ನು ಅಂಟಿಸಿದರೆ ನಾಚಿಕೆಯ ಬೆಲೆಯೂ ಕೆಡುವುದು. ಮನೆಯಲ್ಲಿ ಕೂಸು ಮೊದಲ ಮಾತನ್ನು ತಪ್ಪಾಗಿ ನುಡಿದಾಗ ತಾಯಿತಂದೆಗಳು ಹಿಗ್ಗುವರು. ಅದೇ ಕೂಸು ಹನ್ನೆರಡನೆಯ ವಯಸ್ಸಿನಲ್ಲಿ ಇನ್ನೊಂದು ಭಾಷೆಯ ಮೊದಲ ಮಾತನ್ನಾಡುವಾಗ, ಬಂದ ನೆಂಟರ ಮುಂದೆ ಅದನ್ನು ಪರೀಕ್ಷೆಗೆ ನಿಲ್ಲಿಸದೆ ತಾಳ್ಮೆಯಿಂದ ಕೇಳುವುದು ವಿದ್ಯಾವಂತ ಕುಟುಂಬಗಳಿಗೆ ಅಸಾಧ್ಯವಾದ ವ್ರತವೇನಲ್ಲ.