ಅರ್ಧ ಇಂಚು

ನನ್ನ ತಂಗಿಯ ಮಗ ಗಿಟಾರನ್ನು ಗೋಡೆಗೆ ನೇತುಹಾಕಿದ ದಿನ ಹೇಳಿದ್ದು ಒಂದೇ ಮಾತು: "ಮಾಮೂ, ಮೇರೆ ಕಾನಾಂಚ್ ಖರಾಬ್ ಹೈಂ." ನನ್ನ ಕಿವಿಯೇ ಸರಿಯಿಲ್ಲ ಎಂದು. ಹದಿನೆಂಟರ ಹುಡುಗ. ಎಂಟು ತಿಂಗಳು ದಿನಾ ಸಂಜೆ ಕೂತು ನುಡಿಸಿದ ಮೇಲೆ ಅವನು ಮುಟ್ಟಿದ ತೀರ್ಮಾನ ಅದು. ಅವನ ಕಿವಿ ಸರಿಯಾಗಿಯೇ ಇತ್ತು ಎಂದು ನನಗೆ ತಿಳಿಯುವ ಹೊತ್ತಿಗೆ ಅವನು ಭಾಲ್ಕಿ ಬಿಟ್ಟು ಹೈದರಾಬಾದಿಗೆ ಕೆಲಸಕ್ಕೆ ಹೋಗಿಯಾಗಿತ್ತು.

ಅದು ತೊಡೆಯ ಮೇಲೆ ಮಲಗಿಸಿಕೊಂಡು, ಎಡಗೈಯಲ್ಲಿ ಉಕ್ಕಿನ ಸಣ್ಣ ಸರಳನ್ನು ತಂತಿಗಳ ಮೇಲೆ ಜಾರಿಸುತ್ತ ನುಡಿಸುವ ಗಿಟಾರ್. ಹವಾಯಿಯನ್ ಗಿಟಾರ್ ಎಂದರೆ ಹಳಬರಿಗೆ ಗೊತ್ತು. ರೇಡಿಯೋದಲ್ಲಿ ವಾರ್ತೆಗೆ ಮುಂಚೆ ಎರಡು ನಿಮಿಷ ಉಳಿದರೆ ಅದರಲ್ಲಿ ನುಡಿಸಿದ ಸಿನಿಮಾ ಹಾಡು ಹಾಕುತ್ತಿದ್ದರು. ಕವಿ ಕಾಜಿ ನಜ್ರುಲ್ ಇಸ್ಲಾಮರ ಮಗ ಕಾಜಿ ಅನಿರುದ್ಧ ಈ ವಾದ್ಯದ ಕಲಾವಿದರಾಗಿದ್ದರು. ಬ್ರಿಜ್‌ಭೂಷಣ ಕಾಬ್ರಾ ಇದರಲ್ಲಿ ರಾಗ ನುಡಿಸಿ ತೋರಿಸಿದರು. ವಿಶ್ವಮೋಹನ ಭಟ್ಟರು ತರಪಿನ ತಂತಿಗಳನ್ನು ಸೇರಿಸಿ ಅದಕ್ಕೆ ಮೋಹನವೀಣೆ ಎಂದು ಹೆಸರಿಟ್ಟು, 1994ರಲ್ಲಿ ಗ್ರ್ಯಾಮಿ ಪ್ರಶಸ್ತಿಯನ್ನೂ ತಂದರು. ಅಂಗಡಿಯಲ್ಲಿ ಸಿಗುವ ಗಿಟಾರ್ ಬೆರಳಿನಿಂದ ಒತ್ತಿ ನುಡಿಸಲು ಮಾಡಿದ್ದು. ಜಾರಿಸಿ ನುಡಿಸಲು ತಂತಿಗಳು ಎತ್ತರದಲ್ಲಿರಬೇಕು, ಮರ ಅದರ ಎಳೆತವನ್ನು ತಡೆಯಬೇಕು. ಆದ್ದರಿಂದ ಬಲ್ಲವರು ತಮ್ಮ ಕೈಗೆ, ತಮ್ಮ ಶ್ರುತಿಗೆ ತಕ್ಕಂತೆ ಹೇಳಿ ಮಾಡಿಸಿಕೊಳ್ಳುತ್ತಾರೆ. ನನ್ನ ಅಳಿಯನಿಗೆ ಅಷ್ಟು ಹಣ ಎಲ್ಲಿಂದ ಬರಬೇಕು? ಹಳೆಯದೊಂದನ್ನು ಕೊಂಡು, ಅಂಗಡಿಯೊಂದರಲ್ಲಿ ತಂತಿ ಎತ್ತರಿಸಿಕೊಂಡ. ಬೇಸಿಗೆಯಲ್ಲಿ ತಂತಿ ಹೊರುವ ಕುದುರೆ ಕಿತ್ತುಬಂತು. ಅದನ್ನೂ ಅದೇ ಅಂಗಡಿಯಲ್ಲಿ ಅಂಟಿಸಿಕೊಟ್ಟರು.

ಆಮೇಲೆ ಸ್ವರಗಳು ಕೆಟ್ಟವು. ಹುಡುಗ ತನ್ನನ್ನೇ ಬೈದುಕೊಂಡ.

ನನಗೆ ನಿಜ ಗೊತ್ತಾದದ್ದು ಮಿರಜದಲ್ಲಿ. ನಮ್ಮ ಕಡೆಯವರು ಮಿರಜಕ್ಕೆ ಹೋಗುವುದು ಹೆಚ್ಚಾಗಿ ಆಸ್ಪತ್ರೆಗೆ. ಲಾತೂರ, ಪಂಢರಪುರದ ಮೇಲಿಂದ ರೈಲು ದಾರಿ ಇದೆ. ನಾನೂ ಸಂಬಂಧಿಕರೊಬ್ಬರನ್ನು ಕರೆದುಕೊಂಡು ಹೋಗಿದ್ದೆ. ಕಾಯುವ ಬೇಸರಕ್ಕೆ ಸಿತಾರ್ ಮಾಡುವವರ ಓಣಿಗೆ ಹೋದೆ. ಅಲ್ಲಿನ ಮನೆತನಗಳು ಶಿಕಲಗಾರರು. ಕತ್ತಿ, ಆಯುಧ ಸಾಣೆ ಹಿಡಿಯುತ್ತಿದ್ದವರು. 19ನೇ ಶತಮಾನದಲ್ಲಿ ಆಯುಧದ ಕೆಲಸ ಕಡಿಮೆಯಾದಾಗ ತಂಬೂರಿ ಕಟ್ಟಲು ಕಲಿತರು. ಆ ಪೈಕಿ ಫರೀದ್‌ಸಾಹೇಬರ ಹೆಸರನ್ನು ಇಂದಿಗೂ ಹೇಳುತ್ತಾರೆ. ಮಿರಜದ ಸಿತಾರ್ ಮತ್ತು ತಂಬೂರಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಕತ್ತಿ ಬಿಟ್ಟು ತಂಬೂರಿ ಹಿಡಿದರು ಎಂಬುದು ಭಾಷಣಕ್ಕೆ ಒಳ್ಳೆಯ ವಿಷಯ, ಬಹಳ ಜನ ಹೇಳಿಯೂ ಇದ್ದಾರೆ. ನಾನು ಯೋಚಿಸಿದ್ದು ಬೇರೆ. ಕತ್ತಿ ಮೊಂಡಾಗಿದ್ದರೆ ಹಿಡಿದವನಿಗೆ ಆ ಕ್ಷಣವೇ ಗೊತ್ತಾಗುತ್ತದೆ. ತಂಬೂರಿ ಕೆಟ್ಟದ್ದಾಗಿದ್ದರೆ ಯಾರಿಗೆ, ಯಾವಾಗ ಗೊತ್ತಾಗುತ್ತದೆ?

ಒಬ್ಬ ಹಿರಿಯರು ಜವಾರಿ ತೆಗೆಯುತ್ತ ಕೂತಿದ್ದರು. ನಮ್ಮಲ್ಲಿ ಜವಾರಿ ಎಂದರೆ ನಾಟಿ ಕೋಳಿ, ನಾಟಿ ಬೀಜ. ಅಲ್ಲಿ ಜವಾರಿ ಎಂದರೆ ಕುದುರೆಯ ಮೇಲ್ಮೈಯನ್ನು ಕೂದಲೆಳೆಯಷ್ಟು ಉಜ್ಜಿ, ತಂತಿ ಅದರ ಮೇಲೆ ಸವರಿಕೊಂಡು ಗುಂಯ್‌ಗುಡುವಂತೆ ಮಾಡುವ ಕೆಲಸ. ಉಜ್ಜುವುದು, ತಂತಿ ಮೀಟುವುದು, ಕಿವಿಗೊಡುವುದು, ಮತ್ತೆ ಉಜ್ಜುವುದು. ನೋಡುವವನ ಕಣ್ಣಿಗೆ ಏನೂ ಕಾಣುವುದಿಲ್ಲ. ನಾನು ಹುಡುಗನ ಕಥೆ ಹೇಳಿದೆ. ಅವರು ತಲೆ ಎತ್ತದೆ ಉರ್ದುವಿನಲ್ಲಿ ಕೇಳಿದರು: "ನಾಪಾ ಕ್ಯಾ?" ಅಳತೆ ತೆಗೆದುಕೊಂಡಿರಾ?

ಊರಿಗೆ ಬಂದು ದರ್ಜಿಯ ಟೇಪಿನಿಂದ ಅಳೆದೆ. ತಂತಿಯ ನಟ್ಟನಡುವೆ ಮೇಲಿನ ಷಡ್ಜ ಬರಬೇಕು. ಗಿಟಾರಿನ ಹನ್ನೆರಡನೆಯ ಗೆರೆ ಇರುವುದು ಅದಕ್ಕೇ. ತಲೆಯ ಕಡೆಯ ಪಟ್ಟಿಯಿಂದ ಆ ಗೆರೆಗೆ ಹನ್ನೆರಡೂ ಮುಕ್ಕಾಲು ಇಂಚು ಇತ್ತು. ಗೆರೆಯಿಂದ ಕುದುರೆಗೆ ಹನ್ನೆರಡೂ ಕಾಲು. ಅರ್ಧ ಇಂಚು ಈಚೆಗೆ ಅಂಟಿಸಿದ್ದರು. ಗುರುವಿಲ್ಲದ ಹುಡುಗ ಗೆರೆ ನೋಡಿಕೊಂಡು ಸರಳು ಇಡುತ್ತಿದ್ದ. ಕಣ್ಣು ಸರಿ ಎನ್ನುತ್ತಿತ್ತು, ಕಿವಿ ತಪ್ಪು ಎನ್ನುತ್ತಿತ್ತು. ಅವನು ಕಣ್ಣನ್ನು ನಂಬಿದ. ನಿಜವಾಗಿ ಕಿವಿ ಇಲ್ಲದವನಾಗಿದ್ದರೆ ಸುಖವಾಗಿ ನುಡಿಸಿಕೊಂಡಿರುತ್ತಿದ್ದ.

ನನ್ನನ್ನು ಇನ್ನೂ ಬಿಡದಿರುವುದು ಇದೇ. ಹಾಲಿಗೆ ನೀರು ಬೆರೆಸಿದರೆ ಕುಡಿದವನು ಮಾರಿದವನನ್ನು ಬೈಯುತ್ತಾನೆ. ಬೀದರಿನಲ್ಲಿ ಬಿದ್ರಿ ಹೂಜಿ ಕೊಳ್ಳುವವನು ಕರಿ ಲೋಹದಲ್ಲಿ ಬೆಳ್ಳಿಯ ಎಳೆ ಬಿಟ್ಟಿದೆಯೇ ಎಂದು ಬೆಳಕಿಗೆ ಹಿಡಿದು ನೋಡಬಹುದು. ಆದರೆ ಕೆಲವು ಕೆಲಸಗಳಲ್ಲಿ ನಷ್ಟ ಹೊಂದಿದವನು ತನ್ನನ್ನೇ ಬೈದುಕೊಳ್ಳುತ್ತಾನೆ. ತನಗೆ ಪ್ರತಿಭೆ ಇಲ್ಲ, ಬುದ್ಧಿ ಇಲ್ಲ, ನಸೀಬಿಲ್ಲ ಎಂದುಕೊಂಡು ಸುಮ್ಮನಾಗುತ್ತಾನೆ. ದೂರು ಬರುವುದಿಲ್ಲವಾದ್ದರಿಂದ ಮಾಡಿದವನಿಗೂ ಗೊತ್ತಾಗುವುದಿಲ್ಲ.

ಅಂಗಡಿಯವನು ಮೋಸಗಾರನೇನಲ್ಲ. ಅವಸರದಲ್ಲಿ ಅಂಟಿಸಿದ, ಅಷ್ಟೆ. ಬೇಕೆಂದು ಮಾಡದ್ದು ತಪ್ಪಾಗುತ್ತದೆಯೇ? ಸಂಗೀತ ಹಲಾಲೋ ಹರಾಮೋ ಎಂಬ ಚರ್ಚೆ ನಮ್ಮ ಮನೆಗಳಲ್ಲಿ ಮುಗಿಯುವಂಥದ್ದಲ್ಲ. ಗಿಟಾರ್ ಬಂದ ದಿನ ತಂಗಿಯ ಮನೆಯಲ್ಲೂ ನಡೆಯಿತು. ಅಳತೆಯ ವಿಷಯದಲ್ಲಿ ಮಾತ್ರ ಚರ್ಚೆಯೇ ಇಲ್ಲ. ಅಳತೆ-ತೂಕದಲ್ಲಿ ಕಡಿಮೆ ಮಾಡುವವರ ಹೆಸರಿನಲ್ಲೇ ಕುರ್‌ಆನಿನಲ್ಲಿ ಒಂದು ಅಧ್ಯಾಯವಿದೆ. ತಕ್ಕಡಿಯ ಬಟ್ಟು ಸವೆದದ್ದು ಗೊತ್ತಿರಲಿಲ್ಲ ಎಂದು ಕಿರಾಣಿಯವನು ಹೇಳಿದರೆ ನಾವು ಒಪ್ಪುವುದಿಲ್ಲ. ನೋಡಿಕೊಳ್ಳುವುದು ಅವನ ಕೆಲಸ. ಕೊಳ್ಳುವವನಿಗೆ ಪರೀಕ್ಷಿಸಲು ಬರುವುದಿಲ್ಲ ಎಂದಾದ ಮೇಲೆ ಮಾಡುವವನ ಅಜ್ಞಾನಕ್ಕೆ ಮಾಫಿ ಇಲ್ಲ ಎಂದೇ ನನ್ನ ಅಭಿಪ್ರಾಯ.

ಕಡಿಮೆ ದುಡ್ಡಿಗೆ ಅಷ್ಟೇ ಸಿಗುತ್ತದೆ ಎನ್ನುವವರಿದ್ದಾರೆ. ಒಪ್ಪುತ್ತೇನೆ, ಮರ ಸಾದಾ ಇರಲಿ, ಹೊಳಪು ಬೇಡ, ಹೂಬಳ್ಳಿ ಬೇಡ. ಆದರೆ ಕುದುರೆಯನ್ನು ಸರಿಯಾದ ಜಾಗದಲ್ಲಿ ಕೂರಿಸಲು ತಪ್ಪಾದ ಜಾಗಕ್ಕಿಂತ ಒಂದು ರೂಪಾಯಿಯೂ ಹೆಚ್ಚು ಖರ್ಚಿಲ್ಲ. ಬಡವನಿಗೆ ಸಾಕು ಎಂಬ ಲೆಕ್ಕದಲ್ಲಿ ನಾವು ಬಿಟ್ಟುಬಿಡುವುದು ಹೆಚ್ಚಾಗಿ ಇಂಥ ಪುಕ್ಕಟೆಯ ಸಂಗತಿಗಳನ್ನೇ.

ನಮ್ಮ ಓಣಿಯ ಬಡಗಿ ಬಾಗಿಲು, ಕಿಟಕಿ ಮಾಡುವವರು. ಗಿಟಾರ್ ನೋಡಿ ನಕ್ಕರು. "ಕಿಡಕಿ ಅರ್ಧ ಇಂಚ್ ಸರದ್ರ ಗಾಳಿ ಬರ್ತದ. ಇದ್ರಾಗೇನ್ ಬರ್ತದ್ರೀ ಮಾಸ್ತರ?" ಎಂದರು. ಹೇಳಿದೆ. ನಗು ನಿಲ್ಲಿಸಿ ಮೂರು ಸಲ ಅಳೆದು, ಹಳೆ ಅಂಟು ಕೆರೆದು ಕೂರಿಸಿಕೊಟ್ಟರು. ಹುಡುಗನಿಗೆ ಫೋನ್ ಮಾಡಿ ಹೇಳಿದೆ, ನಿನ್ನ ಕಿವಿಯದೇನೂ ತಪ್ಪಿಲ್ಲವೆಂದು. "ಛೋಡೋ ಮಾಮೂ" ಎಂದ.

ನಾನು ಇಪ್ಪತ್ತು ವರ್ಷದಿಂದ ಮಾಸ್ತರಿಕೆ ಮಾಡುತ್ತಿದ್ದೇನೆ. ಉರ್ದು ಶಾಲೆಯಿಂದ ಬಂದ ಮಕ್ಕಳಿಗೆ ಕನ್ನಡದಲ್ಲಿ ಲೆಕ್ಕ ಹೇಳಿಕೊಡುತ್ತೇನೆ. ಆ ದಾರಿಯಲ್ಲೇ ನಡೆದು ಬಂದವನು ನಾನು, ಆದರೂ ಒಂದು ಸಲ ಒಬ್ಬ ಹುಡುಗನಿಗೆ ಲೆಕ್ಕ ನಿನ್ನ ತಲೆಗೆ ಹತ್ತುವುದಲ್ಲ ಎಂದುಬಿಟ್ಟೆ. ಅವನು ಎದುರು ಮಾತಾಡಲಿಲ್ಲ, ತಲೆಯಾಡಿಸಿದ. ಮರುವರ್ಷ ಶಾಲೆಗೆ ಬರಲಿಲ್ಲ. ಅವನಿಗೆ ತಿಳಿಯದಿದ್ದದ್ದು ಲೆಕ್ಕವೋ, ನನ್ನ ಕನ್ನಡವೋ ಎಂದು ನಾನು ಅಳೆದು ನೋಡಿರಲಿಲ್ಲ. ಹಳೆಯ ದಾಖಲಾತಿ ಪುಸ್ತಕ ಶಾಲೆಯ ಕಪಾಟಿನಲ್ಲೇ ಇದೆ. ಅದರಲ್ಲಿ ಅವನ ತಂದೆಯ ಹೆಸರು, ಮನೆ ಇರುವ ಓಣಿ ಇರಬೇಕು.